ಮಳೆ ನಿಂತ ಮೇಲಿನ ಅಣಬೆ: ಧಾರವಾಡದಿಂದ ಯಲ್ಲಮ್ಮನ ಗುಡ್ಡದವರೆಗೆ

ಅಣಬೆ ನೋಡಬೇಕಾದರೆ ಮಳೆಗಾಲದಲ್ಲಿ ಕಾಡಿಗೆ ಹೋಗಬೇಕು ಅನ್ನುವುದು ಎಲ್ಲರ ನಂಬಿಕೆ. ದಾಂಡೇಲಿ, ಜೋಯಿಡಾ ಕಡೆಯಿಂದ ಬರುವ ಫೋಟೋಗಳನ್ನು ನೋಡಿದರೆ ಹಾಗೆ ಅನಿಸುವುದೂ ಸಹಜ. ಹಾಗಾದರೆ ಬನದ ಹುಣ್ಣಿಮೆಯ ಜಾತ್ರೆಗೆ ಧಾರವಾಡದಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರಿಗೆ ಏನು ಸಿಗುತ್ತದೆ? ಜನವರಿ ತಿಂಗಳು. ಮಳೆ ನಿಂತು ವಾರಗಳೇ ಕಳೆದಿವೆ. ಎರೆ (ಕಪ್ಪು ಮಣ್ಣಿನ) ಹೊಲ ಬಿರುಕು ಬಿಟ್ಟಿದೆ. ಕೊಡೆ ಬಿಚ್ಚಿ ನಿಂತ ಅಣಬೆ ಹುಡುಕಿದರೂ ಸಿಗುವುದಿಲ್ಲ.

ಆದರೂ ಈ ದಾರಿಯಲ್ಲಿ ಶಿಲೀಂಧ್ರಗಳಿಗೇನೂ ಬರವಿಲ್ಲ. ನನ್ನನ್ನು ಕೇಳಿದರೆ ಮಳೆಗಾಲದ ಕಾಡಿಗಿಂತ ಚಳಿಗಾಲದ ಈ ಬಯಲೇ ಜಾಸ್ತಿ ಕಲಿಸುತ್ತದೆ. ನೀರು ಧಾರಾಳವಾಗಿ ಇರುವ ಕಡೆ ಬೆಳೆಯುವುದರಲ್ಲಿ ಏನು ದೊಡ್ಡಸ್ತಿಕೆ? ನೀರಿಲ್ಲದ ಕಡೆ ಹೇಗೆ ದಿನ ದೂಡುತ್ತವೆ ಅನ್ನುವುದೇ ನೋಡಬೇಕಾದ ವಿಷಯ. ಒಂದು ಇಬ್ಬನಿ ನಂಬಿಕೊಂಡಿರುತ್ತದೆ. ಇನ್ನೊಂದು ಗಿಡದ ನರದೊಳಗೇ ಮನೆ ಮಾಡುತ್ತದೆ. ಮತ್ತೊಂದು ಗೆದ್ದಲುಗಳಿಂದ ನೀರು ಹೊರಿಸಿಕೊಳ್ಳುತ್ತದೆ. ಇನ್ನು ಕೆಲವು ಒಣಗಿ ಸುಮ್ನೆ ಕಾಯುತ್ತವೆ.

ದಾರಿ ಈ ಭಾಗದವರಿಗೆಲ್ಲ ಗೊತ್ತಿರುವುದೇ. ಧಾರವಾಡ ಬಿಟ್ಟರೆ ಅಮ್ಮಿನಭಾವಿ, ಆಮೇಲೆ ತುಪ್ಪರಿಹಳ್ಳದ ಹಾರೋಬೆಳವಡಿ, ಇನಾಮಹೊಂಗಲ, ಸವದತ್ತಿ. ಸುಮಾರು 40 ಕಿಲೋಮೀಟರ್. ಗುಡ್ಡ ಅಲ್ಲಿಂದ ಮುಂದೆ. ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆವರೆಗೆ ಈ ರಸ್ತೆಯಲ್ಲಿ ಚಕ್ಕಡಿ, ಟ್ರ್ಯಾಕ್ಟರ್, ನಡೆಯುವವರ ಗುಂಪು ಎಲ್ಲ ಇರುತ್ತವೆ. ನಾನು ಹೇಳುವುದು ನಡೆಯುವವರಿಗೆ. ಬೈಕ್ ಮೇಲೆ ಹೋದರೆ ಇದರಲ್ಲಿ ಒಂದೂ ಕಾಣುವುದಿಲ್ಲ.

ಮೊದಲು ಒಂದು ಗೊಂದಲ ತೆಗೆಯೋಣ. ಅಣಬೆ ಅಂದರೆ ಇಡೀ ಶಿಲೀಂಧ್ರ ಅಲ್ಲ. ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ, ಶಿಲೀಂಧ್ರಕ್ಕೆ ಅಣಬೆ ಹಾಗೆ. ನಿಜವಾದ ಮೈ ಇರುವುದು ಮಣ್ಣಿನೊಳಗೆ, ಕಟ್ಟಿಗೆಯೊಳಗೆ, ಎಲೆಯೊಳಗೆ, ಎಳೆಗಳ ರೂಪದಲ್ಲಿ. ಒಂದೊಂದು ಎಳೆ ನಮ್ಮ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಮಿಲಿಮೀಟರಿನ ನೂರನೇ ಒಂದು ಭಾಗ ಕೂಡ ಇರುವುದಿಲ್ಲ. ಈ ಎಳೆಗಳಿಗೆ ಬಾಯಿ ಇಲ್ಲ, ಹೊಟ್ಟೆ ಇಲ್ಲ. ಜೀರ್ಣ ಮಾಡುವ ರಸವನ್ನು ಹೊರಗೆ ಬಿಡುತ್ತವೆ. ಎದುರಿಗಿದ್ದ ಕಟ್ಟಿಗೆಯೋ ಕಾಳೋ ಕರಗಿದ ಮೇಲೆ ಅದನ್ನು ಹೀರಿಕೊಳ್ಳುತ್ತವೆ. ನಾವು ಉಂಡು ಅರಗಿಸಿಕೊಳ್ಳುತ್ತೇವೆ, ಅವು ಅರಗಿಸಿ ಉಣ್ಣುತ್ತವೆ.

ಇದಕ್ಕೇ ನೀರು ಬೇಕು. ರಸ ಹರಿಯಬೇಕಾದರೆ ತೇವ ಇರಬೇಕು, ಕರಗಿದ್ದು ಒಳಗೆ ಬರಬೇಕಾದರೂ ತೇವ ಇರಬೇಕು. ಕೊಡೆಯಂಥ ಅಣಬೆಗಳ ತೂಕದಲ್ಲಿ ಸುಮಾರು ಶೇ. 90 ನೀರೇ. ಮಳೆ ಬಿದ್ದ ಮರುದಿನ ಅವು ದಿಢೀರನೆ ಎದ್ದು ನಿಲ್ಲುವುದಕ್ಕೆ ಕಾರಣ ಅಷ್ಟೇ. ಮೊದಲೇ ತಯಾರಾಗಿದ್ದ ಪುಟ್ಟ ಮೊಗ್ಗು ನೀರು ಹೀರಿ ಉಬ್ಬುತ್ತದೆ.

ಇನ್ನೊಂದು ಮಾತು. ಶಿಲೀಂಧ್ರ ಸಸ್ಯ ಅಲ್ಲ. ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. 1969ರಲ್ಲಿ ರಾಬರ್ಟ್ ವಿಟ್ಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಕ್ಕೆ ಒಂದು ಪ್ರತ್ಯೇಕ ಮನೆ ಕೊಟ್ಟರು. ಸಂಬಂಧ ನೋಡಿದರೆ ಅದು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಜೀವಕೋಶದ ಗೋಡೆಯಲ್ಲಿ ಇರುವ ಕೈಟಿನ್ ಅನ್ನುವ ವಸ್ತು ಮಿಡತೆಯ, ಏಡಿಯ ಚಿಪ್ಪಿನಲ್ಲೂ ಇದೆ.

ಊರು ದಾಟುವ ಮೊದಲೇ ನೋಡಲು ಶುರು ಮಾಡಬಹುದು. ರಸ್ತೆ ಪಕ್ಕದ ಹಳೆಯ ಹುಣಸೆ, ಗುಲ್‌ಮೊಹರ್, ಜಾಲಿ ಮರಗಳ ಬುಡ ನೋಡಿ. ಕಾಂಡಕ್ಕೆ ಅರ್ಧಚಂದ್ರದ ಹಲಗೆ ಬಡಿದಂತೆ ಒಂದು ಗಟ್ಟಿ ವಸ್ತು ಹೊರಟಿರುತ್ತದೆ. ಮೇಲೆ ಕಂದು ಬಣ್ಣ, ಕೆಲವಕ್ಕೆ ವಾರ್ನಿಷ್ ಹಚ್ಚಿದ ಹೊಳಪು. ಇದು ಗ್ಯಾನೊಡರ್ಮ ಅನ್ನುವ ಅಣಬೆ ಅಥವಾ ಅದರ ಬಳಗದ್ದು. ಮುಟ್ಟಿದರೆ ಕಟ್ಟಿಗೆಯಷ್ಟೇ ಗಟ್ಟಿ. ಬಗ್ಗಿ ಕೆಳಗಿನ ಮೈ ನೋಡಿದರೆ ಸೂಜಿಯಿಂದ ಚುಚ್ಚಿದಂಥ ಸಾವಿರಾರು ರಂಧ್ರ. ಬೀಜಕಣಗಳು ಉದುರುವುದು ಅಲ್ಲಿಂದಲೇ. ಹೀಗಾಗಿ ಆ ರಂಧ್ರಗಳು ಯಾವಾಗಲೂ ನೆಲದ ಕಡೆಗೇ ಮುಖ ಮಾಡಿರಬೇಕು.

ಇದನ್ನು ಹಿಡಿದು ಒಂದು ಪತ್ತೇದಾರಿ ಕೆಲಸ ಮಾಡಬಹುದು. ಬಿದ್ದ ಮರದ ಮೇಲೆ ಇಂಥ ಹಲಗೆ ಕಂಡರೆ ಅದರ ರಂಧ್ರ ಯಾವ ಕಡೆಗಿದೆ ನೋಡಿ. ನೆಲದ ಕಡೆ ಇದ್ದರೆ ಮರ ಬಿದ್ದ ಮೇಲೆ ಬೆಳೆದದ್ದು. ಅಡ್ಡಕ್ಕೆ ತಿರುಗಿದ್ದರೆ ಮರ ನಿಂತಿದ್ದಾಗಲೇ ಇತ್ತು. ಒಂದೇ ಹಲಗೆಯ ಹಳೆ ಭಾಗ ಅಡ್ಡಕ್ಕೆ, ಹೊಸ ಅಂಚು ನೆಲದ ಕಡೆಗೆ ಇದ್ದರೆ ಅದು ಎರಡೂ ಕಾಲ ಕಂಡಿದೆ ಅಂತ ಅರ್ಥ.

ಮಳೆ ಇಲ್ಲದಾಗ ಇದಕ್ಕೆ ನೀರು ಎಲ್ಲಿಂದ? ದಪ್ಪ ಮರದ ಕಾಂಡದೊಳಗೆ ಚಳಿಗಾಲದಲ್ಲೂ ತೇವ ಇರುತ್ತದೆ. ಎಳೆಗಳು ಅಲ್ಲೇ ಒಳಗೆ ಕೂತು ನಿಧಾನಕ್ಕೆ ತಿನ್ನುತ್ತವೆ. ಗ್ಯಾನೊಡರ್ಮ ಕಟ್ಟಿಗೆಯ ಲಿಗ್ನಿನ್ ಅನ್ನೂ ಬಿಡುವುದಿಲ್ಲ. ಕಟ್ಟಿಗೆಗೆ ಗಟ್ಟಿತನ ಕೊಡುವುದೇ ಆ ಲಿಗ್ನಿನ್. ಅದು ಹೋದರೆ ಉಳಿಯುವುದು ಬಿಳಿಚಿಕೊಂಡ ನಾರು. ಬೇರೆ ಕೆಲವು ಶಿಲೀಂಧ್ರಗಳು ಉಳಿದದ್ದನ್ನು ತಿಂದು ಲಿಗ್ನಿನ್ ಬಿಡುತ್ತವೆ. ಆಗ ಕಟ್ಟಿಗೆ ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕ ತುಂಡಾಗಿ ಒಡೆಯುತ್ತದೆ. ಬುಡದಲ್ಲಿ ಇಂಥ ಹಲಗೆ ಎದ್ದಿರುವ ಮರದ ಕೆಳಗೆ ಮಾತ್ರ ಬುತ್ತಿ ಬಿಚ್ಚಲು ಕೂರಬೇಡಿ. ಮೇಲೆ ಹಸಿರಾಗಿದ್ದರೂ ಬೇರು ಟೊಳ್ಳಾಗಿರಬಹುದು. ಜೋರು ಗಾಳಿಗೆ ಮೊದಲು ಉರುಳುವ ಮರ ಅದೇ.

ಹಳ್ಳಿ ಹೊರಗೆ ಒಟ್ಟಿದ ಉರುವಲು ಕಟ್ಟಿಗೆ ಕಂಡರೆ ಎರಡು ನಿಮಿಷ ನಿಲ್ಲಿ. ಮಾವಿನ, ಹುಣಸೆಯ ಒಣ ಕೊಂಬೆಗಳ ಮೇಲೆ ಉಗುರಿನ ಅಗಲದ ಬೀಸಣಿಗೆಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಮೇಲೆ ಬೂದು ಬಿಳುಪು, ಮೈ ತುಂಬ ಸಣ್ಣ ರೋಮ. ಹೆಸರು ಶೈಜೋಫಿಲಮ್. ಜಗತ್ತಿನ ಬಹುತೇಕ ಎಲ್ಲ ಕಡೆ ಇದೆ. ಒಂದನ್ನು ತಿರುವಿ ನೋಡಿದರೆ ಕೆಳಗೆ ಬೀಸಣಿಗೆಯ ಮಡಿಕೆಗಳು. ಭೂತಗನ್ನಡಿ ಹಿಡಿದರೆ ಒಂದೊಂದು ಮಡಿಕೆಯೂ ಉದ್ದಕ್ಕೆ ಸೀಳಿ, ಎರಡು ತುಟಿಗಳು ಹಿಂದಕ್ಕೆ ಸುರುಳಿಯಾಗಿರುವುದು ಕಾಣುತ್ತದೆ. ಇದೇ ಅದರ ಉಪಾಯ. ಒಣಗಿದಾಗ ತುಟಿಗಳು ಸುತ್ತಿಕೊಂಡು ಬೀಜಕಣ ಹುಟ್ಟುವ ಮೈಯನ್ನು ಮುಚ್ಚುತ್ತವೆ. ನೀರು ಸಿಕ್ಕಾಗ ನೆಟ್ಟಗಾಗುತ್ತವೆ.

ನಿಮ್ಮ ಬಾಟಲಿಯಿಂದ ಎರಡು ಹನಿ ಹಾಕಿ, ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ಅದು ಬಿಚ್ಚಿಕೊಳ್ಳಲು ಶುರು ಮಾಡಿರುತ್ತದೆ. ಒಣಗಿಸಿ ಮುಚ್ಚಿಟ್ಟ ಮಾದರಿಗಳು ದಶಕಗಳ ನಂತರ ನೀರು ಕಂಡು ಮತ್ತೆ ಬೀಜಕಣ ಉದುರಿಸಿದ ದಾಖಲೆ ಇದೆ. ಇದಕ್ಕೆ ಗಂಡು ಹೆಣ್ಣು ಅಂತ ಎರಡೇ ಜಾತಿ ಇಲ್ಲ, 23,000ಕ್ಕೂ ಹೆಚ್ಚು ಕೂಡುವ ಬಗೆಗಳಿವೆ. ಸಂಬಂಧ ಹುಡುಕುವವರಿಗೆ ಇಷ್ಟು ಅನುಕೂಲ ಬೇರೆಲ್ಲೂ ಇರಲಿಕ್ಕಿಲ್ಲ.

ಊರು ಹಿಂದೆ ಬಿದ್ದ ಮೇಲೆ ಎರಡೂ ಕಡೆ ಬಯಲು. ಹಿಂಗಾರಿ ಜೋಳ, ಕಡಲೆ, ಕುಸುಬೆ, ಅಲ್ಲಲ್ಲಿ ಗೋಧಿ. ಜೋಳದ ಹೊಲದ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಒಮ್ಮೆಲೇ ಎದ್ದು ಒಮ್ಮೆಲೇ ಇಳಿಯುತ್ತದೆ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬಂದ ಹಕ್ಕಿಗಳು ಅವು. ಕಾಯಲು ಅಟ್ಟ ಹತ್ತಿದವರಿಗೆ ಇವುಗಳನ್ನು ಕಂಡರೆ ಆಗುವುದಿಲ್ಲ, ಅದು ಬೇರೆ ಮಾತು.

ಬೆಳಗಿನ ಜಾವ ಈ ಹೊಲಗಳ ಬದು ಹಿಡಿದು ನಡೆದರೆ ಧೋತರ, ಪ್ಯಾಂಟು ಮೊಣಕಾಲವರೆಗೆ ತೊಯ್ದುಹೋಗುತ್ತವೆ. ಮಳೆ ಇಲ್ಲ, ನೀರು ಎಲ್ಲಿಂದ ಬಂತು? ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ಎಲೆಗಳು ತಮ್ಮ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ಮೋಡ ಇದ್ದರೆ ಅದರಲ್ಲಿ ಸ್ವಲ್ಪ ವಾಪಸ್ ಬರುತ್ತಿತ್ತು. ಇಲ್ಲವಾದ್ದರಿಂದ ಎಲೆ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿದ್ದ ತೇವ ಆ ತಣ್ಣನೆಯ ಮೈಗೆ ತಾಗಿ ಹನಿಯಾಗುತ್ತದೆ. ಒಂದು ರಾತ್ರಿಯ ಇಬ್ಬನಿ ಅಳೆದರೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಮಳೆಗೂ ಸಮ ಆಗುವುದಿಲ್ಲ. ಬೇರಿಗೆ ಅದರಿಂದ ಹೇಳಿಕೊಳ್ಳುವ ಲಾಭ ಇಲ್ಲ. ಆದರೆ ಎಲೆಯ ಮೇಲೆ ಕೂತ ಬೀಜಕಣಕ್ಕೆ ಅದು ಹೊಳೆ ಇದ್ದಂತೆ. ಅದಕ್ಕೆ ಬೇಕಾದದ್ದು ನೀರಿನ ಪ್ರಮಾಣ ಅಲ್ಲ, ಎಲೆ ಎಷ್ಟು ತಾಸು ಒದ್ದೆಯಾಗಿರುತ್ತದೆ ಅನ್ನುವುದು.

ಗೋಧಿ ಹೊಲ ಇದಕ್ಕೆ ಒಳ್ಳೆಯ ಉದಾಹರಣೆ. ಎಲೆಯ ಮೇಲೆ ಕಿತ್ತಳೆ ಕಂದು ಬಣ್ಣದ ಸಣ್ಣ ಗುಳ್ಳೆಗಳು ಕಂಡರೆ ಬೆರಳಿನಿಂದ ಸವರಿ. ಪುಡಿ ಅಂಟುತ್ತದೆ. ರೈತರು ಇದನ್ನು ಭಂಡಾರ (ಅರಿಶಿನ ಪುಡಿ) ರೋಗ ಅನ್ನುತ್ತಾರೆ, ಪುಸ್ತಕದವರು ತುಕ್ಕು ರೋಗ. ಆ ಪುಡಿಯ ಕಣಕ್ಕೆ ಮೊಳೆಯಲು ಆರೆಂಟು ತಾಸು ಒದ್ದೆ ಎಲೆ, ತಂಪು ಹವೆ ಸಿಕ್ಕರೆ ಸಾಕು. ಚಳಿಗಾಲದ ರಾತ್ರಿ ಎರಡನ್ನೂ ಕೊಡುತ್ತದೆ. ಬೆಳಗಾಗುವಷ್ಟರಲ್ಲಿ ಅದರ ಎಳೆ ಎಲೆಯ ಉಸಿರುರಂಧ್ರದೊಳಗೆ ಇಳಿದಿರುತ್ತದೆ. ಆಮೇಲೆ ಬಿಸಿಲು ಬಂದರೇನು, ಬಿಟ್ಟರೇನು? ಒಳಗೆ ಗಿಡದ ರಸವೇ ಅದರ ನೀರು.

ಇಲ್ಲಿ ಒಂದು ಒಗಟು ಇತ್ತು. ತುಕ್ಕಿಗೆ ಜೀವಂತ ಗೋಧಿ ಬೇಕು. ನಮ್ಮ ಬಯಲಿನಲ್ಲಿ ಬೇಸಿಗೆಯಲ್ಲಿ ಗೋಧಿ ಇರುವುದಿಲ್ಲ, ಬಿಸಿಲಿಗೆ ಕಣಗಳೂ ಸಾಯುತ್ತವೆ. ಹಾಗಾದರೆ ಮರು ವರ್ಷ ಅದು ಎಲ್ಲಿಂದ ಬರುತ್ತದೆ? ಆಗ್ರಾದಲ್ಲಿದ್ದ ಕರಮ್‌ಚಂದ್ ಮೆಹ್ತಾ ಅನ್ನುವ ವಿಜ್ಞಾನಿ 1920 ಮತ್ತು 30ರ ದಶಕಗಳಲ್ಲಿ ಇದರ ಬೆನ್ನು ಹತ್ತಿದರು. ಉತ್ತರ ಸಿಕ್ಕಿದ್ದು ಬೆಟ್ಟಗಳಲ್ಲಿ. ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳ ತಂಪಿನಲ್ಲಿ ತುಕ್ಕು ವರ್ಷವಿಡೀ ಬದುಕಿರುತ್ತದೆ. ಅಲ್ಲಿಂದ ಗಾಳಿ ಹಿಡಿದು ಬಯಲಿಗೆ ಬರುತ್ತದೆ. ಬಂಗಾಳಕೊಲ್ಲಿಯ ಚಂಡಮಾರುತಗಳ ಗಾಳಿ ಮತ್ತು ಮಳೆ ಈ ಪ್ರಯಾಣಕ್ಕೆ ನೆರವಾಗುತ್ತವೆ ಅನ್ನುವುದು ಆಮೇಲಿನ ಅಧ್ಯಯನಗಳಿಂದ ಗೊತ್ತಾಯಿತು. ಬೆರಳಿಗೆ ಅಂಟಿದ ಆ ಪುಡಿಯ ಮೂಲ ನೂರಾರು ಕಿಲೋಮೀಟರ್ ದೂರದ್ದು. ನಡಿಗೆಯಲ್ಲಿ ಅದು ನಮ್ಮನ್ನು ಮೀರಿಸಿದೆ.

ಕಡಲೆ ಹೊಲಕ್ಕೆ ಬನ್ನಿ. ಬೆಳಿಗ್ಗೆ ಅದರೊಳಗೆ ನಡೆದರೆ ಕಾಲಿಗೆ ಉರಿ, ಬೆರಳು ನೆಕ್ಕಿದರೆ ಹುಳಿ. ಎಲೆಯ ರೋಮಗಳಿಂದ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಒಸರುತ್ತದೆ. ಹಿಂದೆ ರಾತ್ರಿ ಹೊಲದ ಮೇಲೆ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಈ ಹುಳಿ ತೆಗೆದಿಟ್ಟುಕೊಳ್ಳುತ್ತಿದ್ದರು. ಹೊಟ್ಟೆನೋವಿಗೆ ಮನೆಮದ್ದು ಅದು.

ಹಸಿರು ಸಾಲಿನ ನಡುವೆ ಒಂದೇ ಒಂದು ಗಿಡ ತಲೆ ಬಾಗಿಸಿ ಒಣಗಿದ್ದರೆ ಅದು ಸಿಡಿ ರೋಗ ಇರಬಹುದು. ಸತ್ತ ಗಿಡವೇ ಆದ್ದರಿಂದ, ಹೊಲದವರನ್ನು ಕೇಳಿ ಕಿತ್ತು ನೋಡಬಹುದು. ಬೇರು ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ. ಬುಡವನ್ನು ಉಗುರಿನಿಂದ ಉದ್ದಕ್ಕೆ ಸೀಳಿದರೆ ನಡುವೆ ಒಂದು ಕಪ್ಪು ಕಂದು ಗೆರೆ. ಅದು ನೀರು ಏರುವ ನಾಳ. ಫ್ಯುಸೇರಿಯಮ್ ಅನ್ನುವ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು ಆ ನಾಳದಲ್ಲೇ ಕೂತುಬಿಡುತ್ತದೆ. ನಾಳ ಕಟ್ಟುತ್ತದೆ. ಮಣ್ಣಿನಲ್ಲಿ ತೇವ ಇದ್ದರೂ ಗಿಡ ನೀರಡಿಸಿ ಸಾಯುತ್ತದೆ. ಶಿಲೀಂಧ್ರ ಮಾತ್ರ ಇಡೀ ಹೊಲದಲ್ಲೇ ಅತಿ ಹೆಚ್ಚು ನೀರು ಹರಿಯುವ ಜಾಗ ಹುಡುಕಿಕೊಂಡಿರುತ್ತದೆ. ಕಡಲೆ ಹಾಕದಿದ್ದರೂ ಮಣ್ಣಿನಲ್ಲಿ ಆರು ವರ್ಷದವರೆಗೆ ಉಳಿಯಬಲ್ಲದು. ಹೀಗಾಗಿ ಒಂದು ವರ್ಷ ಬೆಳೆ ಬದಲಿಸಿದರೆ ಹೋಗುವ ರೋಗ ಅಲ್ಲ ಇದು. ಜೆಜಿ-11ರಂಥ, ಸಿಡಿ ರೋಗ ತಡೆಯುವ ತಳಿಗಳು ಈ ಭಾಗದಲ್ಲಿ ಜನಪ್ರಿಯ ಆಗಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ಜೋಳ. ಈ ದಾರಿಯ ಅರ್ಧ ಕತೆ ಜೋಳದ್ದೇ.

ಜನವರಿ ಅಂದರೆ ಸೀತನಿ (ಸುಟ್ಟು ತಿನ್ನುವ ಎಳೆ ಜೋಳ) ಕಾಲ. ತೆನೆ ಹಾಲುಗಾಳಿನಿಂದ ಗಟ್ಟಿಯಾಗುವ ಹೊತ್ತು. ಬದುವಿನ ಪಕ್ಕದ ತೆನೆಗಳನ್ನು ಹತ್ತಿರದಿಂದ ನೋಡುತ್ತ ಹೋಗಿ. ಎಲ್ಲೋ ಒಂದು ತೆನೆಯಲ್ಲಿ ಕೆಲವು ಕಾಳು ಬೇರೆ ಥರ ಇರುತ್ತವೆ. ಉಳಿದವು ದುಂಡಗೆ, ಬೆಳ್ಳಗೆ. ಇವು ಮಾತ್ರ ಸ್ವಲ್ಪ ಉದ್ದ, ತುದಿ ಚೂಪು, ಮಂಕು ಬೂದು ಬಣ್ಣ. ಹೊಳಪಿಲ್ಲ. ಒಂದನ್ನು ಎರಡು ಬೆರಳಿನ ನಡುವೆ ಒತ್ತಿದರೆ ತೆಳು ಪೊರೆ ಒಡೆದು ಒಳಗಿಂದ ಕಪ್ಪು ಪುಡಿ ಬರುತ್ತದೆ. ಹಿಟ್ಟಿಗಿಂತ ನುಣುಪು. ಬೆರಳಿನ ಗೆರೆಗಳೆಲ್ಲ ಕಪ್ಪಾಗಿ ಎದ್ದು ಕಾಣುತ್ತವೆ.

“ಏನ್ ನೋಡಾಕತ್ತೀರಿ ತಮ್ಮಾ? ಕಾಡಿಗಿ ಜ್ವಾಳ ಅದು. ಬೀಜಕ್ಕ ಗಂಧಕ ಹಚ್ಚಲಿಲ್ಲಂದ್ರ ಹಂಗಽ ಆಗೂದು” ಅಂತ ಆ ಕಡೆಯ ಯಾವ ಅಜ್ಜನಾದರೂ ಹೇಳಿಯಾನು. ಅಜ್ಜ ಹೇಳಿದ್ದು ಅಕ್ಷರಶಃ ಸರಿ. ಕಾಳು ಕಾಡಿಗೆ ಅನ್ನುವ ಈ ರೋಗದ ಶಿಲೀಂಧ್ರ ಹೊಲದಲ್ಲಿ ಗಾಳಿಗೆ ಹಾರಿ ತೆನೆಗೆ ಬಂದದ್ದಲ್ಲ. ಹಿಂದಿನ ವರ್ಷ ರಾಶಿ ಮಾಡುವಾಗ ಇಂಥ ಕೆಲವು ಕಾಳು ಒಡೆದು, ಪುಡಿ ಒಳ್ಳೆಯ ಕಾಳುಗಳ ಮೇಲೆಲ್ಲ ಅಂಟಿಕೊಂಡಿತು. ಆ ಕಾಳನ್ನೇ ಬೀಜಕ್ಕೆ ಬಳಸಿದರು. ಬೀಜ ಮೊಳೆತಾಗ ಪುಡಿಯ ಕಣವೂ ಮೊಳೆಯಿತು, ಎಳೆ ಸಸಿಯೊಳಗೆ ಹೊಕ್ಕಿತು. ಅಲ್ಲಿಂದ ಮೂರು ತಿಂಗಳು ಯಾವ ಸುಳಿವೂ ಇಲ್ಲ. ಗಿಡ ಚೆನ್ನಾಗೇ ಬೆಳೆಯುತ್ತದೆ, ಒಳಗೆ ಎಳೆಯೂ ಅದರ ಜೊತೆ ಮೇಲೇರುತ್ತದೆ. ತೆನೆ ಹೊರಟಾಗ ಕಾಳಿನ ಜಾಗದಲ್ಲಿ ತನ್ನ ಪುಡಿ ತುಂಬುತ್ತದೆ. ಬೀಜದ ಮೈ ಮೇಲಿನ ಕಣವನ್ನು ಬಿತ್ತುವ ಮೊದಲೇ ಕೊಂದರೆ ರೋಗವೇ ಇಲ್ಲ. ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಹಚ್ಚುವ ಹಳೆಯ ಶಿಫಾರಸಿನ ಹಿಂದಿನ ಲೆಕ್ಕ ಇದು. ಅಗ್ಗದ ಉಪಾಯ, ಕೆಲಸ ಮಾಡುವ ಉಪಾಯ.

ಇಡೀ ತೆನೆಯೇ ಒಂದು ಬಿಳಿ ಚೀಲವಾಗಿ, ಅದು ಹರಿದು ಕಪ್ಪು ನಾರು ಜೋತು ಬಿದ್ದಿದ್ದರೆ ಅದು ತೆನೆ ಕಾಡಿಗೆ. ಅದರ ಕಣಗಳು ಮಣ್ಣಿನಲ್ಲಿ ಇರುತ್ತವೆ. ಅದಕ್ಕೆ ಗಂಧಕದ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ರೋಗ ಬಂದ ತೆನೆಯನ್ನು ಒಡೆಯುವ ಮೊದಲೇ ಚೀಲದಲ್ಲಿ ಮುಚ್ಚಿ ಕಿತ್ತು ಸುಡಬೇಕು.

ನೆಲಕ್ಕೆ ಮಲಗಿದ ದಂಟುಗಳು ಕಂಡರೂ ನೋಡಿ. ಬುಡದ ಗೆಣ್ಣು ಒತ್ತಿದರೆ ಒಳಗೆ ಟೊಳ್ಳು. ಸೀಳಿದರೆ ನಾರು ನಾರು, ಅದರ ಮೇಲೆ ಇದ್ದಿಲ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ. ಇದು ಮ್ಯಾಕ್ರೊಫೊಮಿನ ಅನ್ನುವ ಶಿಲೀಂಧ್ರ. ಇದರ ಸ್ವಭಾವ ಉಳಿದವಕ್ಕೆ ಪೂರ್ತಿ ತಿರುಗಾ. ಹೊಲದಲ್ಲಿ ತೇವ ಇದ್ದಷ್ಟು ದಿನ ಗಿಡ ಇದನ್ನು ತಡೆದು ನಿಲ್ಲಿಸಿರುತ್ತದೆ. ಹೂ ಬಿಟ್ಟ ಮೇಲೆ ತೇವ ಕಮ್ಮಿಯಾಗಿ, ಬಿಸಿಲೇರಿ, ಗಿಡ ತನ್ನ ದಂಟಿನಲ್ಲಿದ್ದ ಸಕ್ಕರೆಯನ್ನೆಲ್ಲ ಕಾಳಿಗೆ ಕಳಿಸುವ ಹೊತ್ತಿಗೆ ಇದು ಒಳಗೆ ನುಗ್ಗುತ್ತದೆ. ಶಿಲೀಂಧ್ರ ಅಂದರೆ ಮಳೆ ಜಾಸ್ತಿಯಾದಾಗ ಬರುವ ತೊಂದರೆ ಅಂದುಕೊಂಡವರಿಗೆ ಇದನ್ನು ತೋರಿಸಬೇಕು. ಇದು ಬರಗಾಲದ ಗಿರಾಕಿ.

ಹಿಂಗಾರಿ ಬಿಳಿಜೋಳಕ್ಕೆ ಯಾಕೆ ಅಷ್ಟು ಮರ್ಯಾದೆ ಅನ್ನುವುದಕ್ಕೂ ಶಿಲೀಂಧ್ರವೇ ಉತ್ತರ. ಮಾಲದಂಡಿಯಂಥ ಹಿಂಗಾರಿ ತಳಿಗಳ ಕಾಳು ಕಟ್ಟುವುದು ಮಳೆ ಇಲ್ಲದ ತಿಂಗಳುಗಳಲ್ಲಿ. ಕಾಳಿನ ಮೇಲೆ ಬೂಷ್ಟು ಕೂರಲು ಬೇಕಾದಷ್ಟು ತೇವ ಸಿಗುವುದಿಲ್ಲ. ಮುಂಗಾರಿಯಲ್ಲೂ ಹಿಂದೆ ಇದ್ದ ನಾಟಿ ತಳಿಗಳು ಹಗಲು ಚಿಕ್ಕದಾಗುವುದನ್ನು ಕಾದು, ಮಳೆ ಮುಗಿಯುವ ಹೊತ್ತಿಗೆ ತೆನೆ ಹಾಕುತ್ತಿದ್ದವು. 1964ರಲ್ಲಿ ಸಿಎಸ್‌ಎಚ್-1 ಅನ್ನುವ ಹೈಬ್ರಿಡ್ ಜೋಳ ಬಂತು. ಅಲ್ಲಿಂದ ಬೇಗ ಮಾಗುವ ಹೈಬ್ರಿಡ್‌ಗಳ ಕಾಲ. ಇಳುವರಿ ಹೆಚ್ಚಿತು. ಆದರೆ ಮಳೆ ಇನ್ನೂ ಬೀಳುತ್ತಿರುವಾಗಲೇ ಕಾಳು ಮಾಗತೊಡಗಿತು. ಫ್ಯುಸೇರಿಯಮ್, ಕರ್ವುಲೇರಿಯದಂಥವು ಒದ್ದೆ ಕಾಳಿನ ಮೇಲೆ ಬೆಳೆದು ಅದನ್ನು ಗುಲಾಬಿ, ಕಪ್ಪು ಮಾಡಿದವು. ಹಾಗೆ ಕಪ್ಪಾದ ಜೋಳಕ್ಕೆ ಪೇಟೆಯಲ್ಲಿ ಬೆಲೆ ಕಮ್ಮಿ. ಹಿಂಗಾರಿ ಜೋಳದ ರೊಟ್ಟಿಯೇ ಬೇಕು ಅನ್ನುವವರದು ಬರೀ ಬಾಯಿ ಚಪಲ ಅಂದುಕೊಳ್ಳಬೇಡಿ.

ಕಣ್ಣಿಗೆ ಕಾಣದ, ಆದರೆ ಬಿಡಲಾಗದ ಒಂದಿದೆ. ಇದೇ ಜೋಳದ ಬೇರಿನೊಳಗೆ ಇನ್ನೊಂದು ಬಗೆಯ ಶಿಲೀಂಧ್ರ ಇರುತ್ತದೆ. ಹೆಸರು ಮೈಕೊರೈಜ. ಇದು ರೋಗ ಅಲ್ಲ, ಕೊಡು ಕೊಳ್ಳುವ ಸಂಬಂಧ. ನೆಲದ ಮೇಲಿನ ಬಹುಪಾಲು ಗಿಡಗಳ ಜೊತೆ, 40 ಕೋಟಿ ವರ್ಷಗಳಿಂದ ಇದು ನಡೆದಿದೆ. ಬೇರು ಹೋಗಲಾಗದ ಸಂದಿಗೂ ಎಳೆ ಹೋಗುತ್ತದೆ. ಎರೆ ಮಣ್ಣಿನ ಸುಣ್ಣ ಹಿಡಿದಿಟ್ಟುಕೊಂಡ ರಂಜಕವನ್ನು ತಂದು ಗಿಡಕ್ಕೆ ಕೊಡುತ್ತದೆ. ಗಿಡ ಬದಲಿಗೆ ಸಕ್ಕರೆ ಕೊಡುತ್ತದೆ. ಬಿತ್ತಿದ ಮೇಲೆ ಒಂದು ಹನಿ ಮಳೆ ಇಲ್ಲದೆ, ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬೆಳೆ ಬರುವ ಹೊಲದಲ್ಲಿ ಇಂಥ ಸಹಾಯ ಸಣ್ಣದಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ. ಮೆತ್ತನೆಯ ರೊಟ್ಟಿ ಎರಡು ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಕಟಕ ರೊಟ್ಟಿ ವಾರಗಟ್ಟಲೆ ಇರುತ್ತದೆ. ಹಿಟ್ಟು ಒಂದೇ, ನೀರಷ್ಟೇ ಬೇರೆ. ಬೂಷ್ಟಿನ ಕಣಗಳು ಎರಡರ ಮೇಲೂ ಬಿದ್ದಿರುತ್ತವೆ. ಒಣ ರೊಟ್ಟಿಯಲ್ಲಿ ಅವಕ್ಕೆ ರಸ ಬಿಡಲು ಬೇಕಾದ ತೇವ ಇಲ್ಲ. ಕಾಳಿಗೂ ಇದೇ ಲೆಕ್ಕ. ತೇವ ಶೇ. 12ರೊಳಗೆ ಬರುವವರೆಗೆ ಒಣಗಿಸಿದರೆ ಬೂಷ್ಟಿನ ಭಯ ಕಮ್ಮಿ.

ಈ ಭಾಗದ ಹಳೆಯ ಊರುಗಳಲ್ಲಿ ಹಗೇವು ಇದ್ದವು. ನೆಲದಡಿಯ ಕಣಜ. ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳುಗಳೂ ಉಸಿರಾಡಿ ಇದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅಲ್ಲಿಗೆ ಹುಳುವಿನ ಆಟ ಮುಗಿಯಿತು, ಬೂಷ್ಟಿನದೂ ಬಹುಮಟ್ಟಿಗೆ ಮುಗಿಯಿತು. ಗೋಡೆಯ ತೇವ ತಾಗುವ ಅಂಚಿನ ಕಾಳು ಮಾತ್ರ ಕೆಡುತ್ತಿತ್ತು. ಅದನ್ನು ತಡೆಯಲು ಸುತ್ತ ಹುಲ್ಲು, ಕಣಕಿ ಹೊದಿಸುತ್ತಿದ್ದರು. ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದೆ ಇದ್ದರೆ ಮಾತ್ರ ಇಳಿಯುವ ರೂಢಿ ಇತ್ತು. ಅವಸರ ಮಾಡಿದವರು ಉಸಿರುಗಟ್ಟಿ ಸತ್ತದ್ದೂ ಉಂಟು.

ಮುಂದೆ ಬದುಗಳ ಮೇಲೆ, ಬೇವಿನ ಬುಡದಲ್ಲಿ ಹುತ್ತ ಸಿಗುತ್ತವೆ. ಹೊರಗೆ ಒಣ ಮಣ್ಣು, ಒಳಗೆ ತೋಟ. ಓಡಾಂಟೊಟರ್ಮಿಸ್ ಜಾತಿಯ ಗೆದ್ದಲುಗಳು ಒಣ ಹುಲ್ಲು, ಕಟ್ಟಿಗೆ ಕಡಿದು ತಂದು, ಅರೆಬರೆ ಜೀರ್ಣ ಮಾಡಿ, ಅದರಿಂದ ಸ್ಪಂಜಿನಂಥ ಗೂಡು ಕಟ್ಟುತ್ತವೆ. ಅದರ ಮೇಲೆ ಟರ್ಮಿಟೊಮೈಸಿಸ್ ಅನ್ನುವ ಶಿಲೀಂಧ್ರವನ್ನು ಬೆಳೆಸುತ್ತವೆ. ಕಟ್ಟಿಗೆಯ ಗಟ್ಟಿ ಭಾಗವನ್ನು ಮೆತ್ತಗೆ ಮಾಡಿಕೊಡುವುದು ಶಿಲೀಂಧ್ರದ ಕೆಲಸ. ನೀರು ತರುವುದು, ಕಳೆ ಕೀಳುವುದು ಗೆದ್ದಲಿನ ಕೆಲಸ. ಈ ಒಕ್ಕಲುತನ ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾಯಿತು ಅಂತ ಲೆಕ್ಕ. ಮನುಷ್ಯರು ಬಿತ್ತಲು ಕಲಿತು ಹತ್ತು ಹನ್ನೆರಡು ಸಾವಿರ ವರ್ಷ ಆಗಿರಬಹುದು, ಅಷ್ಟೇ. ಮಳೆಗಾಲದಲ್ಲಿ ಹುತ್ತದ ಹತ್ತಿರ ಏಳುವ, ಉದ್ದ ಬೇರಿನಂಥ ಕಾಲಿರುವ, ನಮ್ಮವರು ಆಸೆಪಟ್ಟು ತಿನ್ನುವ ಅಣಬೆ ಈ ತೋಟದ್ದೇ. ಜನವರಿಯಲ್ಲೂ ತೋಟ ನಡೆದಿರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ. ಹುತ್ತ ಒಡೆದು ನೋಡುವ ಕೆಲಸಕ್ಕೆ ಹೋಗಬೇಡಿ. ಒಳಗೆ ಹಾವೂ ಇರಬಹುದು, ಪೂಜೆ ಮಾಡುವವರು ಹೊರಗೂ ಇರುತ್ತಾರೆ.

ಹುತ್ತದ ಮೇಲೆ ಒಣಗಿದ, ತಲೆ ಉದ್ದನೆಯ ಕಡ್ಡಿಯೊಂದು ನಿಂತಿದ್ದರೆ ಅದು ಪೊಡಾಕ್ಸಿಸ್. ಮಳೆಗಾಲದಲ್ಲಿ ಹುಟ್ಟಿ ಅಲ್ಲೇ ಒಣಗಿದ ಅಣಬೆ. ತಲೆಯೊಳಗೆ ಕಪ್ಪು ಪುಡಿ ಇನ್ನೂ ಇರುತ್ತದೆ. ಗಾಳಿ ಬೀಸಿದಾಗ ಸ್ವಲ್ಪ ಸ್ವಲ್ಪ ಹಾರುತ್ತದೆ. ಇದಕ್ಕೆ ಒಣಹವೆ ಬೇಕೇ ಬೇಕು. ಆಸ್ಟ್ರೇಲಿಯಾದ ಮೂಲನಿವಾಸಿಗಳು ನರೆತ ಕೂದಲಿಗೆ ಈ ಪುಡಿ ಹಚ್ಚುತ್ತಿದ್ದರಂತೆ.

ಸವದತ್ತಿ ಹತ್ತಿರ ಬಂದಂತೆ ಎರೆ ಮಣ್ಣು ಮುಗಿದು ಕಲ್ಲುಗುಡ್ಡ ಶುರು. ಯಲ್ಲಮ್ಮನ ಗುಡ್ಡದ ಸುತ್ತಲಿನ ಬಂಡೆಗಳು ನೂರು ಕೋಟಿ ವರ್ಷಕ್ಕೂ ಹಳೆಯ ಮರಳುಗಲ್ಲು. ಒಂದು ಕಾಲದಲ್ಲಿ ನೀರಿನಡಿಯ ಮರಳಾಗಿದ್ದವು. ಈ ಬಂಡೆಗಳ ಮೇಲಿನ ಬೂದು, ತಿಳಿಹಸಿರು, ಕಿತ್ತಳೆ ಮಚ್ಚೆಗಳನ್ನು ಜನ ಕಲ್ಲಿನ ಬಣ್ಣ ಅಂದುಕೊಳ್ಳುತ್ತಾರೆ. ಅವು ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವಿನ ದಾಯಾದಿಗಳು.

ಕಲ್ಲುಹೂವು ಒಂದೇ ಜೀವಿ ಅಲ್ಲ. ಶಿಲೀಂಧ್ರ ಮನೆ ಕಟ್ಟುತ್ತದೆ, ಒಳಗೆ ಪಾಚಿ ಕೂತು ಬಿಸಿಲಿನಿಂದ ಅನ್ನ ಮಾಡುತ್ತದೆ. 1860ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಹೀಗೆಂದಾಗ ಅಂದಿನ ಪಂಡಿತರು ಸಿಟ್ಟಾದರು. ಎರಡು ಜೀವ ಕೂಡಿ ಒಂದಾಗುವುದು ಅಂದರೇನು ಅಂತ ದಶಕಗಳ ಕಾಲ ಜಗಳ ನಡೆಯಿತು. ಕೊನೆಗೆ ಗೆದ್ದದ್ದು ಶ್ವೆಂಡನರ್. 2016ರಲ್ಲಿ ಕೆಲವು ಕಲ್ಲುಹೂವುಗಳ ಹೊರಪದರದಲ್ಲಿ ಯೀಸ್ಟ್ ಕೂಡ ಇರುವುದು ಪತ್ತೆಯಾಗಿ ಕುಟುಂಬ ಇನ್ನೂ ದೊಡ್ಡದಾಯಿತು.

ಇದು ನೀರು ನಿಭಾಯಿಸುವ ರೀತಿ ಉಳಿದೆಲ್ಲಕ್ಕಿಂತ ಸರಳ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ. ಬೇರಿಲ್ಲ, ಸಂಗ್ರಹ ಇಲ್ಲ, ತಡೆಯುವ ಪ್ರಯತ್ನವೂ ಇಲ್ಲ. ಬಂಡೆ ಒದ್ದೆಯಾದರೆ ಒದ್ದೆ, ಒಣಗಿದರೆ ಒಣ. ಒಣಗಿದಾಗ ಉಸಿರಾಟ, ಬೆಳವಣಿಗೆ ಎಲ್ಲ ಬಂದ್. ಬೆಳಗಿನ ಇಬ್ಬನಿ ಕುಡಿದು, ಸೂರ್ಯ ಮೇಲೇರಿ ಬಂಡೆ ಕಾಯುವವರೆಗಿನ ಒಂದೆರಡು ತಾಸಿನಲ್ಲಿ ದಿನದ ದುಡಿಮೆ ಮುಗಿಸುತ್ತದೆ. ಇಷ್ಟು ಕಮ್ಮಿ ಹೊತ್ತು ದುಡಿದರೆ ಬೆಳೆಯುವುದೂ ಹಾಗೇ. ಬಂಡೆಗೆ ಒತ್ತಿ ಅಂಟಿದ ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡುವುದಿಲ್ಲ. ಅಂಗೈ ಅಗಲದ ಮಚ್ಚೆಗೆ ಹಲವು ದಶಕಗಳ ವಯಸ್ಸು ಇರಬಹುದು. ಕಲ್ಲಿನಿಂದ ಗೀರಿ ಹೆಸರು ಬರೆಯುವವರು ಒಂದು ಕ್ಷಣದಲ್ಲಿ ಅಷ್ಟನ್ನೂ ಒರೆಸಿಬಿಡುತ್ತಾರೆ. ಕಿತ್ತಳೆ ಬಣ್ಣ ಪ್ಯಾರಿಯಟಿನ್ ಅನ್ನುವ ಬಣ್ಣದ್ದು. ಒಳಗಿನ ಪಾಚಿಗೆ ಬಿಸಿಲು ಜಾಸ್ತಿ ತಾಗದಂತೆ ಅದು ಮರೆಯಾಗುತ್ತದೆ. ವಾಹನದ, ಕಾರ್ಖಾನೆಯ ಹೊಗೆ, ಅದರಲ್ಲೂ ಗಂಧಕದ ಡೈಆಕ್ಸೈಡ್ ಇದ್ದ ಕಡೆ ಬಹಳಷ್ಟು ಕಲ್ಲುಹೂವು ಉಳಿಯುವುದಿಲ್ಲ. ಜನ ಓಡಾಡುವ ಮೆಟ್ಟಿಲ ಪಕ್ಕದ ಕಲ್ಲಿಗೂ, ನೂರು ಹೆಜ್ಜೆ ದೂರದ ಬಂಡೆಗೂ ಇರುವ ವ್ಯತ್ಯಾಸ ನೀವೇ ನೋಡಬಹುದು.

ಗುಡಿ ಹತ್ತಿರ ಒಂದು ಕಷ್ಟ ಇದೆ. ಅಲ್ಲಿ ಎಲ್ಲವೂ ಹಳದಿ. ಕಲ್ಲಿನ ಮೇಲಿನ ಹಳದಿ ಭಂಡಾರವೋ ಕಲ್ಲುಹೂವೋ ಹೇಳುವುದು ದೂರದಿಂದ ಆಗುವುದಿಲ್ಲ. ಹತ್ತಿರ ಹೋಗಿ ಬೆರಳು ಸವರಿ. ಭಂಡಾರ ಕೈಗೆ ಬರುತ್ತದೆ. ಕಲ್ಲುಹೂವು ಅಲುಗಾಡುವುದಿಲ್ಲ, ಅದಕ್ಕೊಂದು ಸ್ಪಷ್ಟ ಅಂಚೂ ಇರುತ್ತದೆ. ಬೂದು ಮಚ್ಚೆ ಸಿಕ್ಕರೆ ಒಂದು ಹನಿ ನೀರು ಹಾಕಿ. ಮೇಲಿನ ಪೊರೆ ನೀರು ಕುಡಿದು ಪಾರದರ್ಶಕವಾಗಿ, ಒಂದೆರಡು ನಿಮಿಷದಲ್ಲಿ ಒಳಗಿನ ಪಾಚಿಯ ಹಸಿರು ಹೊರಗೆ ಕಾಣುತ್ತದೆ. ಬೆಳಿಗ್ಗೆ ಬಂಡೆ ಕಾಯುವ ಮೊದಲೇ ಹೋದರೆ ನೀರು ಹಾಕುವ ಕೆಲಸವೂ ಇಲ್ಲ, ಇಬ್ಬನಿ ಆಗಲೇ ಹಾಕಿರುತ್ತದೆ.